ಊರಿಲ್ಲದ ಊರಿಗೆ ಇಬ್ಬರು ಎಂಪಿಗಳು: ಓಲ್ಡ್ ಸೇರಮ್ ಪ್ರಕರಣ

2008ರ ಮರುವಿಂಗಡಣೆಯಲ್ಲಿ ನಮ್ಮ ಕನಕಪುರ ಲೋಕಸಭಾ ಕ್ಷೇತ್ರ ಹೋಯಿತು. ಊರು ಅಲ್ಲೇ ಇದೆ, ಬಸ್ಸು ಓಡಾಡುತ್ತವೆ, ರೇಷ್ಮೆಗೂಡು ಮಾರುಕಟ್ಟೆಗೆ ಬರುತ್ತದೆ, ಲೋಕಸಭೆಯ ಪಟ್ಟಿಯಲ್ಲಿ ಮಾತ್ರ ಆ ಹೆಸರಿಲ್ಲ. ಇದು ನಮಗೆ ವಿಚಿತ್ರ ಅನ್ನಿಸುವುದಿಲ್ಲ. ಜನ ಹೆಚ್ಚುತ್ತಾರೆ, ಗಡಿ ಬದಲಾಗುತ್ತದೆ, ಹೆಸರು ಬದಲಾಗುತ್ತದೆ.

ಇಂಗ್ಲೆಂಡಿನಲ್ಲಿ ಒಂದು ಕಡೆ ಇದು ಪೂರ್ತಿ ಉಲ್ಟಾ ಆಗಿತ್ತು. ಕ್ಷೇತ್ರ ಇತ್ತು, ಊರು ಇರಲಿಲ್ಲ. ಜನ ಗಂಟುಮೂಟೆ ಕಟ್ಟಿಕೊಂಡು ಗುಡ್ಡ ಇಳಿದು ಹೋಗಿ ಆರುನೂರು ವರ್ಷ ಆದಮೇಲೂ ಅಲ್ಲಿಂದ ಇಬ್ಬರು ಎಂಪಿಗಳು ಲಂಡನ್ನಿಗೆ ಹೋಗಿ ಕೂರುತ್ತಿದ್ದರು. ಅದರ ಹೆಸರು ಓಲ್ಡ್ ಸೇರಮ್. ನಮ್ಮ ಕಂದಾಯ ಇಲಾಖೆಯ ಕಡತದಲ್ಲಿ ಇಂಥ ಜಾಗಕ್ಕೆ ಒಂದು ಪದ ಇದೆ, ಬೇಚರಾಕ್ ಗ್ರಾಮ. ದೀಪ ಹಚ್ಚುವವರಿಲ್ಲದ ಊರು. ಸರ್ವೆ ನಂಬರ್ ಇರುತ್ತದೆ, ನಕ್ಷೆ ಇರುತ್ತದೆ, ಮನೆ ಇರುವುದಿಲ್ಲ. ನಮ್ಮ ಬೇಚರಾಕ್ ಗ್ರಾಮಗಳಿಗೆ ಪಂಚಾಯ್ತಿ ಮೆಂಬರೂ ಸಿಗುವುದಿಲ್ಲ. ಇದಕ್ಕೆ ಇಬ್ಬರು ಎಂಪಿ!

ಇದನ್ನು 'ಹಳೇ ಕಾಲದ ತಮಾಷೆ' ಅಂತ ಹೇಳಿ ನಗಾಡಿ ಮುಗಿಸುವವರೇ ಜಾಸ್ತಿ. ನನಗೆ ಕುತೂಹಲ ಇದ್ದದ್ದು ಬೇರೆ ಕಡೆ. ಇಷ್ಟು ಬಹಿರಂಗವಾಗಿ ಕೆಟ್ಟಿದ್ದ ಒಂದು ವ್ಯವಸ್ಥೆ ಐದು ಶತಮಾನಕ್ಕೂ ಹೆಚ್ಚು ಕಾಲ ಹೇಗೆ ಉಳಿಯಿತು? ಯಾರೂ ಗಮನಿಸಲಿಲ್ಲ ಅಂತೇನಿಲ್ಲ. ಎಲ್ಲರಿಗೂ ಗೊತ್ತಿತ್ತು. ಉಳಿದದ್ದಕ್ಕೆ ಕಾರಣ ಸರಳ. ಅದಕ್ಕೊಬ್ಬ ಮಾಲೀಕ ಇದ್ದ. ಆ ಮಾಲೀಕತ್ವದ ಜಾಡು ಹಿಡಿದು ಹೋದರೆ ಅದು ಮತ್ತೆ ಮತ್ತೆ ನಮ್ಮ ಕಡೆಗೇ ಬಂದು ನಿಲ್ಲುತ್ತದೆ, ಮದ್ರಾಸಿಗೆ, ಕೃಷ್ಣಾ ತೀರದ ವಜ್ರದ ಗಣಿಗೆ, ಕೊನೆಗೆ ಹೈದರಾಲಿಯ ಕುದುರೆ ದಂಡು ನಿಂತಿದ್ದ ಜಾಗಕ್ಕೆ.

ಗುಡ್ಡದ ಮೇಲಿನ ಊರು

ದಕ್ಷಿಣ ಇಂಗ್ಲೆಂಡಿನ ವಿಲ್ಟ್‌ಶೈರ್ ಸೀಮೆಯಲ್ಲಿ ಸ್ಯಾಲಿಸ್ಬರಿ ಅಂತ ಒಂದು ಪಟ್ಟಣ. ಅಲ್ಲಿಂದ ಉತ್ತರಕ್ಕೆ ಸುಮಾರು ಮೂರು ಕಿಲೋಮೀಟರ್ ಹೋದರೆ ಹುಲ್ಲು ಹೊದ್ದ ಒಂದು ದೊಡ್ಡ ದಿಬ್ಬ ಸಿಗುತ್ತದೆ. ಸುತ್ತ ಉಂಗುರದ ಹಾಗೆ ಆಳವಾದ ಕಂದಕ, ಅದರೊಳಗೆ ಇನ್ನೊಂದು ಕಂದಕ. ಕಬ್ಬಿಣ ಯುಗದ ಜನ ಕಟ್ಟಿದ ಮಣ್ಣಿನ ಕೋಟೆ ಇದು, ಕ್ರಿಸ್ತಪೂರ್ವದ್ದು. ಆಮೇಲೆ ರೋಮನ್ನರು ಬಂದರು, ಸ್ಯಾಕ್ಸನ್ನರು ಬಂದರು. 1066ರಲ್ಲಿ ಇಂಗ್ಲೆಂಡ್ ಗೆದ್ದ ನಾರ್ಮನ್ ದೊರೆ ವಿಲಿಯಂ ಇಲ್ಲೊಂದು ಗಟ್ಟಿ ಕೋಟೆ ಕಟ್ಟಿಸಿದ. 1086ರಲ್ಲಿ ದೇಶದ ದೊಡ್ಡ ಜಮೀನುದಾರರನ್ನೆಲ್ಲ ಈ ಸೇರಮ್‌ಗೇ ಕರೆಸಿ ತನಗೆ ನಿಷ್ಠರಾಗಿರುವುದಾಗಿ ಪ್ರಮಾಣ ಮಾಡಿಸಿದ. ಅಂದರೆ ಒಂದು ಕಾಲಕ್ಕೆ ಇದು ಸಣ್ಣಪುಟ್ಟ ಜಾಗ ಆಗಿರಲಿಲ್ಲ.

ಕೋಟೆಯ ಆವರಣದಲ್ಲೇ ಒಂದು ದೊಡ್ಡ ಕೆಥೆಡ್ರಲ್, ಅಂದರೆ ಬಿಷಪ್ಪನ ಮುಖ್ಯ ಚರ್ಚು, ಕಟ್ಟಿದರು. 1092ರ ಏಪ್ರಿಲ್ 5ರಂದು ಅದರ ಪ್ರತಿಷ್ಠೆ ಆಯಿತು. ಐದೇ ದಿನಕ್ಕೆ ಬಿರುಗಾಳಿ ಬಂದು ಅದರ ಮೇಲ್ಭಾಗ ಹಾಳಾಯಿತು. ಶಕುನ ನೋಡುವವರಾಗಿದ್ದರೆ ಅವತ್ತೇ ಜಾಗ ಖಾಲಿ ಮಾಡುತ್ತಿದ್ದರು, ಇವರು ರಿಪೇರಿ ಮಾಡಿಕೊಂಡು ಇನ್ನೂ ನೂರಿಪ್ಪತ್ತು ವರ್ಷ ತಳ್ಳಿದರು. ಗುಡ್ಡದ ಮೇಲೆ ನೀರಿಗೆ ತತ್ವಾರ. ಗಾಳಿಯ ಸದ್ದಿಗೆ ಒಳಗೆ ಹಾಡುವವರಿಗೆ ಒಬ್ಬರದು ಒಬ್ಬರಿಗೆ ಕೇಳುತ್ತಿರಲಿಲ್ಲ ಅನ್ನುವ ದೂರು ಬೇರೆ. ಕೋಟೆಯ ಸೈನಿಕರಿಗೂ ಪಾದ್ರಿಗಳಿಗೂ ದಿನಾ ಕಿತ್ತಾಟ. ಒಮ್ಮೆ ಪಾದ್ರಿಗಳು ಮೆರವಣಿಗೆ ಮುಗಿಸಿ ವಾಪಸ್ ಬರುವಷ್ಟರಲ್ಲಿ ಸೈನಿಕರು ಬಾಗಿಲು ಹಾಕಿಕೊಂಡು ಒಳಗೆ ಬಿಡಲಿಲ್ಲ ಅಂತಲೂ ಕತೆ ಹೇಳುತ್ತಾರೆ.

ಕೊನೆಗೆ ಬಿಷಪ್ ರಿಚರ್ಡ್ ಪೂರ್ ಸಾಕಪ್ಪ ಸಾಕು ಅಂತ ಪೋಪನ ಅಪ್ಪಣೆ ತರಿಸಿಕೊಂಡು 1220ರಲ್ಲಿ ಕೆಳಗೆ ನದಿಯ ಬದಿಯ ಹುಲ್ಲುಗಾವಲಿನಲ್ಲಿ ಹೊಸ ಕೆಥೆಡ್ರಲ್ಲಿಗೆ ಅಡಿಗಲ್ಲು ಹಾಕಿಸಿದ. ಇವತ್ತು 123 ಮೀಟರ್ ಎತ್ತರದ ಶಿಖರ ಇಟ್ಟುಕೊಂಡು ನಿಂತಿರುವ ಸ್ಯಾಲಿಸ್ಬರಿ ಕೆಥೆಡ್ರಲ್ ಅದೇ. ದೇವರು ಇಳಿದ ಮೇಲೆ ಪೇಟೆ ಇಳಿಯಿತು, ಪೇಟೆಯ ಹಿಂದೆ ಜನ ಇಳಿದರು. ಮೇಲೆ ಉಳಿದ ಹಳೇ ಕೆಥೆಡ್ರಲ್ಲಿನ ಕಲ್ಲನ್ನು 14ನೇ ಶತಮಾನದಲ್ಲಿ ದೊರೆಯ ಅನುಮತಿ ಪಡೆದು ಕೆಳಗಿನ ಹೊಸದರ ಕಾಂಪೌಂಡ್ ಗೋಡೆಗೆ ಸಾಗಿಸಿದರು. 16ನೇ ಶತಮಾನದ ಹೊತ್ತಿಗೆ ಗುಡ್ಡದ ಮೇಲೆ ವಾಸ ಇರುವ ಮನೆ ಒಂದೂ ಉಳಿದಿರಲಿಲ್ಲ.

ಈಗ ಇಸವಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಊರು ಇಳಿಯಲು ಶುರುವಾದದ್ದು 1220ರ ದಶಕದಲ್ಲಿ. ದೊರೆ ಒಂದನೇ ಎಡ್ವರ್ಡ್ ತನ್ನ ಪಾರ್ಲಿಮೆಂಟಿಗೆ ಓಲ್ಡ್ ಸೇರಮ್‌ನಿಂದ ಇಬ್ಬರನ್ನು ಕಳಿಸಿ ಅಂದದ್ದು 1295ರಲ್ಲಿ. ಎಪ್ಪತ್ತು ವರ್ಷ ಕಳೆದ ಮೇಲೆ! ಕೆಳಗಿನ ಹೊಸ ಸ್ಯಾಲಿಸ್ಬರಿಗೂ ಬೇರೆ ಇಬ್ಬರು. ಅಂದರೆ ಇದು ಒಳ್ಳೇ ಕಾಲದಲ್ಲಿ ಹುಟ್ಟಿ ಆಮೇಲೆ ಹಾಳಾದ ಕ್ಷೇತ್ರ ಕೂಡ ಅಲ್ಲ, ಹುಟ್ಟುವಾಗಲೇ ಊರು ಅರ್ಧ ಖಾಲಿ. ಆದರೂ ಆಗಿನ ಲೆಕ್ಕದಲ್ಲಿ ಇದು ತೀರಾ ತಪ್ಪೂ ಅಲ್ಲ. ಆ ಕಾಲಕ್ಕೆ ಎಂಪಿ ಆಗುವುದು ಯಾರಿಗೂ ಬೇಡದ ಕೆಲಸ. ಹೋಗಿ ಬರುವ ಖರ್ಚು ಊರವರ ತಲೆಗೆ, ಹೋದವನು ಒಪ್ಪಿ ಬರುವುದು ಹೊಸ ತೆರಿಗೆಗೆ. ಒಮ್ಮೆ ಪಟ್ಟಿಯಲ್ಲಿ ಹೆಸರು ಬಿತ್ತು. ಆಮೇಲೆ ಪಾರ್ಲಿಮೆಂಟಿನ ಸೀಟಿಗೆ ಬೆಲೆ ಬಂತು. ಆಗ ಹೆಸರು ತೆಗೆಯಲು ಯಾರೂ ಬಿಡಲಿಲ್ಲ.

ಪಹಣಿಗೆ ಓಟು

ಓಲ್ಡ್ ಸೇರಮ್‌ನಲ್ಲಿ ಓಟಿನ ಹಕ್ಕು ಮನುಷ್ಯನಿಗೆ ಸೇರಿದ್ದಲ್ಲ, ನಿವೇಶನಕ್ಕೆ ಸೇರಿದ್ದು. ಬರ್ಗೇಜ್ ಅಂತ ಕರೆಯುತ್ತಿದ್ದ, ಹಳೇ ಪಟ್ಟಣದ ಲೆಕ್ಕಕ್ಕೆ ಸೇರಿದ ಕೆಲವು ನಿವೇಶನಗಳು ಗುಡ್ಡದ ತಪ್ಪಲಲ್ಲಿದ್ದವು. ಯಾರ ಹೆಸರಲ್ಲಿ ಆ ಜಾಗದ ಪತ್ರ ಇದೆಯೋ ಅವನಿಗೆ ಓಟು. ಅಲ್ಲಿ ವಾಸ ಇರಬೇಕಿಲ್ಲ, ಮನೆಯೂ ಇರಬೇಕಿಲ್ಲ, ಗೋಧಿ ಬೆಳೆದುಕೊಂಡಿದ್ದರೂ ಆಯಿತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಪಹಣಿ ಹೋಗಿ ಓಟು ಹಾಕಿ ಬರುತ್ತಿತ್ತು.

ಇಷ್ಟು ಗೊತ್ತಾದರೆ ಮುಂದಿನದು ಊಹಿಸಬಹುದು ಅಲ್ವಾ? ಎಲ್ಲ ನಿವೇಶನಗಳನ್ನೂ ಒಬ್ಬನೇ ಕೊಂಡುಬಿಟ್ಟರೆ ಎಲ್ಲ ಓಟೂ ಅವನದೇ. ಒಬ್ಬನೇ ಹನ್ನೊಂದು ಓಟು ಹಾಕಲು ಬರುವುದಿಲ್ಲ, ಸರಿ. ಬರ್ಗೇಜ್ ಕ್ಷೇತ್ರಗಳ ಮಾಲೀಕರು ಇದಕ್ಕೊಂದು ದಾರಿ ಮಾಡಿಕೊಂಡಿದ್ದರು. ಚುನಾವಣೆ ಬಂದಾಗ ತಮ್ಮ ಗುಮಾಸ್ತ, ವಕೀಲ, ಗೇಣಿದಾರ, ನೆಂಟ ಹೀಗೆ ನಂಬಿಕಸ್ತರ ಹೆಸರಿಗೆ ಒಂದೊಂದು ನಿವೇಶನ ಬರೆದುಕೊಡುವುದು, ಓಟು ಮುಗಿದ ಮೇಲೆ ವಾಪಸ್ ಬರೆಸಿಕೊಳ್ಳುವುದು. ಚುನಾವಣೆ ನಡೆಸುವ ಬೈಲಿಫ್ ಕೂಡ ಜಮೀನ್ದಾರ ನೇಮಿಸಿದವನೇ. ಅಭ್ಯರ್ಥಿ, ಮತದಾರ, ಚುನಾವಣಾಧಿಕಾರಿ ಮೂವರೂ ಒಬ್ಬನ ಮನೆಯ ಅನ್ನ ತಿಂದವರು.

ಚುನಾವಣೆ ನಡೆಯುತ್ತಿದ್ದದ್ದು ಗುಡ್ಡದ ಕೆಳಗೆ ಹೊಲದಲ್ಲಿ, ಒಂದು ಎಲ್ಮ್ ಮರದ ಕೆಳಗೆ. ಆ ಮರಕ್ಕೆ ಪಾರ್ಲಿಮೆಂಟ್ ಮರ ಅಂತಲೇ ಹೆಸರು ಬಿದ್ದಿತ್ತು. ಕಟ್ಟಡ ಇಲ್ಲ, ಹಾಗಾಗಿ ತಾತ್ಕಾಲಿಕ ಡೇರೆ ಹಾಕುತ್ತಿದ್ದರು. ಹತ್ತೋ ಹನ್ನೊಂದೋ ಜನ ಸೇರುತ್ತಿದ್ದರು, ಹೆಸರು ಓದುತ್ತಿದ್ದರು, ಎದುರಾಳಿ ಸಾಮಾನ್ಯವಾಗಿ ಇರುತ್ತಲೇ ಇರಲಿಲ್ಲ. 1831ರ ಕೊನೆಯ ಚುನಾವಣೆಯ ಹೊತ್ತಿಗೆ ಮತದಾರರು 11, ಅಷ್ಟೂ ಜನ ಬೇರೆ ಊರಲ್ಲಿ ವಾಸ ಇದ್ದವರು. ಹಾಳೂರಿಗೆ ಉಳಿದವನೇ ಗೌಡ ಅನ್ನುತ್ತಾರೆ ನಮ್ಮಲ್ಲಿ. ಇಲ್ಲಿ ಉಳಿದವನೂ ಇರಲಿಲ್ಲ, ಗೌಡಿಕೆ ಮಾತ್ರ ಇತ್ತು.

ಇದರಲ್ಲಿ ನನಗೆ ಬಹಳ ಹಿಡಿಸಿದ ಸೂಕ್ಷ್ಮ ಒಂದಿದೆ. ಕಾರ್ನ್‌ವಾಲ್ ಸೀಮೆಯಲ್ಲಿ ಗ್ರ್ಯಾಂಪೌಂಡ್ ಅಂತ ಇನ್ನೊಂದು ಪುಟ್ಟ ಕ್ಷೇತ್ರ. ಅಲ್ಲಿ ಮತದಾರರಿಗೆ ದುಡ್ಡು ಹಂಚಿ ಸಿಕ್ಕಿಬಿದ್ದು, ತನಿಖೆಯಾಗಿ, 1821ರಲ್ಲಿ ಪಾರ್ಲಿಮೆಂಟು ಆ ಕ್ಷೇತ್ರವನ್ನೇ ರದ್ದು ಮಾಡಿ ಅದರ ಎರಡು ಸೀಟನ್ನು ಯಾರ್ಕ್‌ಶೈರಿಗೆ ಕೊಟ್ಟಿತು. ಓಲ್ಡ್ ಸೇರಮ್ ಮಾತ್ರ ಇಂಥ ಕೇಸಿಗೆ ಸಿಗುವ ಹಾಗೇ ಇರಲಿಲ್ಲ. ಯಾಕಂದರೆ ಲಂಚ ಕೊಡಬೇಕಾದರೆ ಮತದಾರ ಬೇಕು! ಇಲ್ಲಿ ಕೊಡುವವನೂ ತೆಗೆದುಕೊಳ್ಳುವವನೂ ಒಬ್ಬನೇ. ಸ್ವಲ್ಪ ಕೆಟ್ಟಿದ್ದ ಊರಿಗೆ ಶಿಕ್ಷೆ ಆಯಿತು, ಪೂರ್ತಿ ಕೆಟ್ಟಿದ್ದ ಊರು ಕಾನೂನಿನ ಕಣ್ಣಿಗೆ ಶುದ್ಧವಾಗಿ ಉಳಿಯಿತು.

ವಜ್ರದ ಪಿಟ್

ಈಗ ಮಾಲೀಕರ ವಿಷಯಕ್ಕೆ ಬರೋಣ.

ಥಾಮಸ್ ಪಿಟ್, ಹುಟ್ಟಿದ್ದು 1653ರಲ್ಲಿ, ಡಾರ್ಸೆಟ್ ಸೀಮೆಯಲ್ಲಿ. ಅಪ್ಪ ಚರ್ಚಿನ ಪಾದ್ರಿ. ಹುಡುಗ ಇಪ್ಪತ್ತರ ಆಸುಪಾಸಿನಲ್ಲಿ ಹಡಗು ಹತ್ತಿ ಭಾರತಕ್ಕೆ ಬಂದು ಒಡಿಶಾದ ಬಾಲಸೋರ್ ಕಡೆ ವ್ಯಾಪಾರ ಶುರು ಮಾಡಿದ. ಆಗ ಭಾರತದ ವ್ಯಾಪಾರ ಪೂರ್ತಿ ಈಸ್ಟ್ ಇಂಡಿಯಾ ಕಂಪನಿಯ ಗುತ್ತಿಗೆ, ಹೊರಗಿನವರು ಮಾಡಿದರೆ ಕಳ್ಳವ್ಯಾಪಾರ. ಈತ ಮಾಡುತ್ತಿದ್ದದ್ದು ಅದನ್ನೇ. ಇಂಗ್ಲೆಂಡಿಗೆ ವಾಪಸ್ ಹೋದಾಗ ಕಂಪನಿ ಹಿಡಿಸಿ 1,000 ಪೌಂಡು ದಂಡ ಹಾಕಿಸಿತು, ಆಮೇಲೆ ಅದು 400ಕ್ಕೆ ಇಳಿಯಿತು. ದಂಡ ಕಟ್ಟಿಯೂ ಕೈಯಲ್ಲಿ ಬೇಕಾದಷ್ಟು ದುಡ್ಡಿತ್ತು. 1690ರ ಆಸುಪಾಸಿನಲ್ಲಿ ಸ್ಯಾಲಿಸ್ಬರಿಯ ಅರ್ಲ್ (ದೊರೆ ಕೊಡುವ ದೊಡ್ಡ ಬಿರುದು) ಮನೆತನದಿಂದ ಓಲ್ಡ್ ಸೇರಮ್ ಸುತ್ತಿನ ಜಮೀನು ಕೊಂಡ. 1695ರಲ್ಲಿ ಅಲ್ಲಿಂದಲೇ ಎಂಪಿ ಆದ.

ಈ ಕಾಟ ತಪ್ಪಿಸಿಕೊಳ್ಳಲು ಕಂಪನಿ ಏನು ಮಾಡಿತು ಗೊತ್ತಾ? ಅವನನ್ನೇ ನೌಕರಿಗೆ ತೆಗೆದುಕೊಂಡಿತು. 1698ರಿಂದ 1709ರವರೆಗೆ ಆತ ಮದ್ರಾಸಿನ ಗವರ್ನರ್. ಬಾಲ ಬಿಚ್ಚಿದವನಿಗೆ ಪಟ್ಟ ಕಟ್ಟುವ ಪದ್ಧತಿ ಇವತ್ತಿನದಲ್ಲ.

ಮದ್ರಾಸಿನಲ್ಲಿದ್ದಾಗ ಜಾಮ್‌ಚಂದ್ ಅನ್ನುವ ವಜ್ರದ ವ್ಯಾಪಾರಿ ಒಂದು ಕಲ್ಲು ತಂದು ತೋರಿಸಿದ. ಕೃಷ್ಣಾ ತೀರದ ಕೊಲ್ಲೂರು ಗಣಿಯಲ್ಲಿ ಸಿಕ್ಕಿದ್ದು, ಈಗಿನ ಆಂಧ್ರದಲ್ಲಿ. ಮೂಕಾಂಬಿಕೆಯ ಕೊಲ್ಲೂರು ಅಲ್ಲ, ಗೊಂದಲ ಬೇಡ. ಕೊಯ್ಯದ ಕಲ್ಲು 410 ಕ್ಯಾರೆಟ್. ವ್ಯಾಪಾರಿ ಹೇಳಿದ್ದು ಎರಡು ಲಕ್ಷ ವರಹ. ಇಂಗ್ಲಿಷರು ಪಗೋಡ ಅನ್ನುತ್ತಿದ್ದ ಚಿನ್ನದ ನಾಣ್ಯವೇ ನಮ್ಮ ವರಹ. ಚೌಕಾಸಿ ಮಾಡಿ ಮಾಡಿ ಕೊನೆಗೆ 48,000 ವರಹಕ್ಕೆ ಕುದುರಿತು, ಪೌಂಡಿನಲ್ಲಿ 20,400ರ ಹತ್ತಿರ. ಆ ಕಲ್ಲನ್ನು ಗಣಿಯ ಗುಲಾಮನೊಬ್ಬ ಕಾಲಿನ ಗಾಯದೊಳಗೆ ಮುಚ್ಚಿಟ್ಟುಕೊಂಡು ತಂದ, ಹಡಗಿನವನು ಅವನನ್ನು ಕೊಂದು ಕದ್ದ ಅಂತೆಲ್ಲ ಕತೆಗಳಿವೆ. ಪಿಟ್ ಮೇಲೂ ಗುಮಾನಿ ಬಂತು. ನಾನು ದುಡ್ಡು ಕೊಟ್ಟೇ ಕೊಂಡದ್ದು ಅಂತ ಆತ ಬರೆದು ಇಡಬೇಕಾಯಿತು. ಲಂಡನ್ನಿನಲ್ಲಿ ಎರಡು ವರ್ಷ ಕೊಯ್ದು ಹೊಳಪು ಕೊಟ್ಟ ಮೇಲೆ 1717ರಲ್ಲಿ, ಬಾಲಕ ದೊರೆಯ ಪರವಾಗಿ ಆಳುತ್ತಿದ್ದ ಫ್ರಾನ್ಸಿನ ರೀಜೆಂಟ್‌ಗೆ 1,35,000 ಪೌಂಡಿಗೆ ಮಾರಿದ. ಈಗ ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಮ್ಮಿನಲ್ಲಿ ರೀಜೆಂಟ್ ವಜ್ರ ಅಂತ ಇಟ್ಟಿದ್ದಾರಲ್ಲ, ಅದೇ ಇದು.

ವಜ್ರದ ದುಡ್ಡಲ್ಲಿ ಓಲ್ಡ್ ಸೇರಮ್ ಕೊಂಡ ಅಂತ ಕೆಲವರು ಸುಮ್ನೆ ಹೇಳಿಬಿಡುತ್ತಾರೆ. ಇಸವಿ ನೋಡಿದರೆ ಅದು ಸರಿಹೊಂದುವುದಿಲ್ಲ. ಕ್ಷೇತ್ರ ಕೊಂಡದ್ದು ವಜ್ರಕ್ಕಿಂತ ಹತ್ತು ವರ್ಷ ಮೊದಲು. ವಜ್ರದ ದುಡ್ಡು ಹೋದದ್ದು ಕಾರ್ನ್‌ವಾಲ್‌ನ ಬೊಕಾನಕ್ ಅನ್ನುವ ದೊಡ್ಡ ಎಸ್ಟೇಟಿಗೆ. ಓಲ್ಡ್ ಸೇರಮ್‌ಗೆ ಬಂದದ್ದು ಅದಕ್ಕೂ ಮುಂಚಿನ, ಕಂಪನಿ ಕಳ್ಳತನ ಅಂತ ದಂಡ ಹಾಕಿದ ವ್ಯಾಪಾರದ ದುಡ್ಡು. ಎರಡೂ ಭಾರತದ್ದೇ ಬಿಡಿ.

ಮೊಮ್ಮಗನ ಎರಡು ನಾಲಿಗೆ

ಥಾಮಸ್ ಪಿಟ್ ಸತ್ತದ್ದು 1726ರಲ್ಲಿ. ಆಸ್ತಿ ಮಗ ರಾಬರ್ಟ್‌ಗೆ, ಅವನ ನಂತರ ಹಿರಿಯ ಮೊಮ್ಮಗ ಥಾಮಸ್‌ಗೆ ಬಂತು. ಈ ಮೊಮ್ಮಗ ಎರಡು ಕಡೆ ಗೆದ್ದು ಇನ್ನೊಂದನ್ನು ಇಟ್ಟುಕೊಂಡು, ಓಲ್ಡ್ ಸೇರಮ್ ಸೀಟನ್ನು ತಮ್ಮನಿಗೆ ಕೊಟ್ಟ. ತಮ್ಮ ಆಗ ಕುದುರೆ ಸೈನ್ಯದಲ್ಲಿ ಚಿಕ್ಕ ಅಧಿಕಾರಿ, ವಯಸ್ಸು 26. 1735ರಲ್ಲಿ ಹೀಗೆ ಹೊಲದ ಮರದ ಕೆಳಗಿಂದ ಪಾರ್ಲಿಮೆಂಟಿಗೆ ಬಂದವನೇ ವಿಲಿಯಂ ಪಿಟ್, ಮುಂದೆ ಅರ್ಲ್ ಆಫ್ ಚಾಟಮ್, ಬ್ರಿಟನ್ನಿನ ಪ್ರಧಾನಿ, ಫ್ರಾನ್ಸಿನ ಜೊತೆಗಿನ ಏಳು ವರ್ಷದ ಯುದ್ಧವನ್ನು ಗೆಲ್ಲಿಸಿದವನು ಅಂತ ಅವರು ಹೊಗಳುವ ಮನುಷ್ಯ.

ಇಂಥ ಕ್ಷೇತ್ರಗಳನ್ನು ಸಮರ್ಥಿಸುವವರಿಗೆ ಪಿಟ್ ಅಂದರೆ ಎತ್ತಿ ತೋರಿಸುವ ಉದಾಹರಣೆ. ನೋಡಿ, ದುಡ್ಡಿಲ್ಲದ ಜಾಣ ಹುಡುಗರಿಗೆ ಇದೇ ಬಾಗಿಲು, ಸಾವಿರಾರು ಮತದಾರರ ಮುಂದೆ ಕೈ ಮುಗಿಯಬೇಕಾಗಿದ್ದರೆ ಇವನು ಬರುತ್ತಿದ್ದನಾ ಅನ್ನುತ್ತಿದ್ದರು. ವಾದದಲ್ಲಿ ಸ್ವಲ್ಪ ಹುರುಳೂ ಇದೆ. ಆದರೆ ಜಾಣ ಹುಡುಗ ಮಾಲೀಕನ ತಮ್ಮನೂ ಆಗಿರಬೇಕು, ಇಲ್ಲವೇ ಅವನ ಸ್ನೇಹಿತ. ಇದನ್ನು ಅವರು ಹೇಳುತ್ತಿರಲಿಲ್ಲ.

ತಮಾಷೆ ಅಂದರೆ ಅದೇ ಪಿಟ್ 1766ರಲ್ಲಿ ಪಾರ್ಲಿಮೆಂಟಿನಲ್ಲಿ ನಿಂತು ಈ ಕ್ಷೇತ್ರಗಳು ಸಂವಿಧಾನದ ಕೊಳೆತ ಭಾಗ, ತಾನಾಗಿ ಉದುರದಿದ್ದರೆ ಕತ್ತರಿಸಿ ತೆಗೆಯಬೇಕಾಗುತ್ತದೆ, ಈ ಶತಮಾನ ದಾಟಲಾರದು ಅಂದ. ಶತಮಾನ ಏನೋ ದಾಟಿತು, ಅದು ಬೇರೆ. 1770ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಏಷ್ಯಾದ ಸಂಪತ್ತು ನಮ್ಮ ಮೇಲೆ ಸುರಿಯುತ್ತಿದೆ, ವಿದೇಶಿ ಬಂಗಾರ ತಂದವರು ದುಡ್ಡು ಚೆಲ್ಲಿ ಪಾರ್ಲಿಮೆಂಟಿಗೆ ನುಗ್ಗುತ್ತಿದ್ದಾರೆ ಅಂತ ಪಾರ್ಲಿಮೆಂಟಿನ ಮೇಲ್ಮನೆಯಾದ ಲಾರ್ಡ್ಸ್ ಸಭೆಯಲ್ಲಿ ಗೋಳಾಡಿದ. ಮದ್ರಾಸ್ ಗವರ್ನರನ ಮೊಮ್ಮಗ! ಮೂರು ತಲೆಮಾರು ಕಳೆದರೆ ಅಜ್ಜ ತಂದ ದುಡ್ಡು ಪಿತ್ರಾರ್ಜಿತ ಆಗಿಬಿಡುತ್ತದೆ, ಆಮೇಲೆ ತಂದವರದು ಮಾತ್ರ ವಿದೇಶಿ ಬಂಗಾರ.

ಆತನ ಗೋಳಿಗೆ ಕಾರಣವಂತೂ ಇತ್ತು. ಕಂಪನಿ ನೌಕರಿಯಲ್ಲಿ ಕೊಬ್ಬಿ ವಾಪಸ್ ಬಂದವರನ್ನು ಅಲ್ಲಿಯ ಜನ ನಬಾಬ್ ಅಂತಲೇ ಕರೆಯುತ್ತಿದ್ದರು, ನಮ್ಮ ನವಾಬ ಪದವೇ. ಅರ್ಕಾಟಿನ ನವಾಬ ಮಹಮದಾಲಿಗೆ ವಿಪರೀತ ಬಡ್ಡಿಗೆ ಸಾಲ ಕೊಟ್ಟು ಬೆಳೆದ ಪಾಲ್ ಬೆನ್‌ಫೀಲ್ಡ್ 1780ರಲ್ಲಿ ಕ್ರಿಕ್ಲೇಡ್ ಕ್ಷೇತ್ರದಿಂದ ಎಂಪಿ ಆದ. ಈ ಸಾಲದ ದಂಧೆಯನ್ನು 1785ರಲ್ಲಿ ಎಡ್ಮಂಡ್ ಬರ್ಕ್ ಅನ್ನುವ ಎಂಪಿ ಸಭೆಯಲ್ಲಿ ಎಳೆ ಎಳೆಯಾಗಿ ಬಿಚ್ಚಿಟ್ಟ. ಆ ಹೊತ್ತಿಗೆ ಪ್ರಧಾನಿ ಆಗಿದ್ದವನು ಚಾಟಮ್‌ನ ಮಗ, ಕಿರಿಯ ವಿಲಿಯಂ ಪಿಟ್. ಅದೇ ವರ್ಷ ಅವನೂ 36 ಕೊಳೆತ ಕ್ಷೇತ್ರಗಳನ್ನು ಮಾಲೀಕರಿಗೆ ಪರಿಹಾರ ಕೊಟ್ಟು ತೆಗೆದುಹಾಕೋಣ, ಅದಕ್ಕೆ ಹತ್ತು ಲಕ್ಷ ಪೌಂಡು ಇಡೋಣ ಅಂತ ಪ್ರಸ್ತಾಪ ತಂದ. 174 ಜನ ಪರ, 248 ಜನ ವಿರುದ್ಧ. ಬಿದ್ದುಹೋಯಿತು. ಮತ ಹಾಕಿದವರಲ್ಲಿ ಎಷ್ಟೋ ಜನ ಇಂಥ ಕ್ಷೇತ್ರಗಳಿಂದಲೇ ಬಂದವರು. ತಾವು ಕೂತ ಕೊಂಬೆ ಯಾರು ಕಡಿಯುತ್ತಾರೆ?

ಪಿಟ್ ಮನೆತನದಲ್ಲಿ ಓಲ್ಡ್ ಸೇರಮ್‌ನ ಕೊನೆಯ ಒಡೆಯ ಎರಡನೇ ಬ್ಯಾರನ್ ಕ್ಯಾಮೆಲ್‌ಫರ್ಡ್, ಚಾಟಮ್‌ನ ಅಣ್ಣನ ಮೊಮ್ಮಗ, ಮಹಾ ಮುಂಗೋಪಿ. ನೌಕಾಪಡೆಯಲ್ಲಿದ್ದಾಗ ಆಜ್ಞೆ ಪಾಲಿಸಲಿಲ್ಲ ಅಂತ ಇನ್ನೊಬ್ಬ ಅಧಿಕಾರಿಯನ್ನೇ ಗುಂಡಿಟ್ಟು ಕೊಂದವನು. 1801ರಲ್ಲಿ ಇವನು ಒಂದು ಚೇಷ್ಟೆ ಮಾಡಿದ. ಜಾನ್ ಹಾರ್ನ್ ಟುಕ್ ಅನ್ನುವವನನ್ನು ಓಲ್ಡ್ ಸೇರಮ್‌ನಿಂದ ಎಂಪಿ ಮಾಡಿದ. ಟುಕ್ ಜೀವನವಿಡೀ ಪಾರ್ಲಿಮೆಂಟ್ ಸುಧಾರಣೆ ಆಗಬೇಕು ಅಂತ ಹೋರಾಡಿದವನು, 1794ರಲ್ಲಿ ರಾಜದ್ರೋಹದ ಕೇಸಿನಲ್ಲಿ ಕಟಕಟೆ ಹತ್ತಿ ಖುಲಾಸೆ ಆದವನು. ಅಂಥವನು ದೇಶದ ಅತಿ ಕೊಳೆತ ಕ್ಷೇತ್ರದ ಪ್ರತಿನಿಧಿ! ಸರ್ಕಾರಕ್ಕೆ ತಡೆಯಲಾಗಲಿಲ್ಲ. ಅವನು ಹಿಂದೊಮ್ಮೆ ಪಾದ್ರಿಯಾಗಿ ದೀಕ್ಷೆ ಪಡೆದಿದ್ದ ಅಂತ ಹುಡುಕಿ ತೆಗೆದು, ಪಾದ್ರಿಗಳು ಕಾಮನ್ಸ್ ಸಭೆಗೆ, ಅಂದರೆ ಪಾರ್ಲಿಮೆಂಟಿನ ಕೆಳಮನೆಗೆ, ಬರಕೂಡದು ಅಂತ ಅದೇ ವರ್ಷ ಕಾನೂನು ಮಾಡಿದರು. ಹನ್ನೊಂದು ಜನ ಮತದಾರರೂ ಇಲ್ಲದ ಹೊಲದಿಂದ ಹುಟ್ಟಿದ ಈ ಕಾನೂನು ಪೂರ್ತಿ ಹೋದದ್ದು ಯಾವಾಗ ಅಂದುಕೊಂಡಿರಿ? 2001ರಲ್ಲಿ.

ಕ್ಯಾಮೆಲ್‌ಫರ್ಡ್ 1804ರಲ್ಲಿ ಸ್ನೇಹಿತನ ಜೊತೆಗೇ ಪಿಸ್ತೂಲು ಕಾಳಗ ಮಾಡಿ ಸತ್ತ. ಅಷ್ಟರಲ್ಲಿ ಕ್ಷೇತ್ರವನ್ನು ಮಾರಿಬಿಟ್ಟಿದ್ದ.

ಹೈದರಾಲಿ ಕರೆಸಿಕೊಂಡವನ ನೆಂಟರು

ಕೊಂಡವರು ಐರ್ಲೆಂಡಿನ ಕ್ಯಾಲೆಡನ್ ಅರ್ಲ್ ಮನೆತನ. ವರ್ಷ 1802. ಬೆಲೆ 60,000 ಪೌಂಡು ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಆ ಜಮೀನಿನಿಂದ ವರ್ಷಕ್ಕೆ ಬರುತ್ತಿದ್ದದ್ದು ಹೆಚ್ಚೆಂದರೆ 700 ಪೌಂಡು. ಇಪ್ಪತ್ತೈದು ವರ್ಷದ ಹುಟ್ಟುವಳಿ ಒಟ್ಟಿಗೆ ಕೊಟ್ಟರೂ 17,500 ಆಗುತ್ತದೆ. ಉಳಿದ 42,500 ಎರಡು ಸೀಟಿನ ಬೆಲೆ. ಹುಲ್ಲಿಗೆ ಯಾರೂ ಅಷ್ಟು ಕೊಡುವುದಿಲ್ಲ.

ಈ ಮನೆತನಕ್ಕೆ ಅಷ್ಟು ದುಡ್ಡು ಎಲ್ಲಿಂದ ಬಂತು? ಮತ್ತೆ ಮದ್ರಾಸು, ಬಂಗಾಳ. ಮೊದಲನೇ ಅರ್ಲ್ ಜೇಮ್ಸ್ ಅಲೆಕ್ಸಾಂಡರ್ 1750ರ ದಶಕದಲ್ಲಿ ಕಂಪನಿ ನೌಕರನಾಗಿ ಬಂದು, ಎರಡೂ ಕಡೆ ದೊಡ್ಡ ಹುದ್ದೆ ಮಾಡಿ, 1772ರಲ್ಲಿ ವಾಪಸ್ ಹೋದ. ಐರ್ಲೆಂಡಿನಲ್ಲಿ ದೊಡ್ಡ ಎಸ್ಟೇಟ್ ಕೊಂಡ, ಬ್ಯಾರನ್ ಆದ, ವೈಕೌಂಟ್ ಆದ, 1800ರಲ್ಲಿ ಅರ್ಲ್ ಆದ. ಅವನ ತಂಗಿ ರೆಬೆಕಾ ಮದುವೆ ಆದದ್ದು ಜೋಸಿಯಸ್ ಡುಪ್ರೆ ಅನ್ನುವ ಇನ್ನೊಬ್ಬ ಕಂಪನಿ ಅಧಿಕಾರಿಯನ್ನು.

ಈ ಡುಪ್ರೆ ಹೆಸರು ಮೈಸೂರು ಇತಿಹಾಸ ಓದಿದವರಿಗೆ ನೆನಪಿರಬಹುದು. ಮೊದಲನೇ ಮೈಸೂರು ಯುದ್ಧದ ಕೊನೆ, 1769ರ ಮಾರ್ಚ್. ಹೈದರಾಲಿ ಇಂಗ್ಲಿಷ್ ಸೈನ್ಯಕ್ಕೆ ಚಳ್ಳೆಹಣ್ಣು ತಿನ್ನಿಸಿ, ಆರು ಸಾವಿರದಷ್ಟು ಕುದುರೆ ಸವಾರರ ಜೊತೆ ಬಿರುಸಾಗಿ ಓಡಿಬಂದು ಮದ್ರಾಸಿನ ಬಾಗಿಲಲ್ಲೇ, ಸೇಂಟ್ ಥಾಮಸ್ ಮೌಂಟಿನ ಹತ್ತಿರ ಕಾಣಿಸಿಕೊಂಡ. ಮಾತುಕತೆಗೆ ಯಾರನ್ನೋ ಕಳಿಸಬೇಡಿ, ಡುಪ್ರೆಯನ್ನು ಕಳಿಸಿ ಅಂತ ಹೆಸರು ಹಿಡಿದು ಕೇಳಿದ. ಡುಪ್ರೆ ಹೋದ. ಏಪ್ರಿಲ್ ಮೊದಲ ವಾರಕ್ಕೆ ಮದ್ರಾಸ್ ಒಪ್ಪಂದ ಆಯಿತು. ಗೆದ್ದ ಜಾಗ ಪರಸ್ಪರ ವಾಪಸ್, ಒಬ್ಬರ ಮೇಲೆ ಬೇರೆಯವರು ಬಿದ್ದರೆ ಇನ್ನೊಬ್ಬರು ನೆರವಿಗೆ ಬರಬೇಕು. ಮುಂದಿನ ವರ್ಷವೇ ಡುಪ್ರೆ ಮದ್ರಾಸಿನ ಗವರ್ನರ್ ಆದ, 1773ರ ತನಕ ಇದ್ದ. ಸರಿಯಾಗಿ ಆ ವರ್ಷಗಳಲ್ಲೇ ಮರಾಠರ ಮಾಧವರಾಯ ಮೈಸೂರಿನ ಮೇಲೆ ಬಿದ್ದ, ಹೈದರ್ ಒಪ್ಪಂದ ನೆನಪಿಸಿ ನೆರವು ಕೇಳಿದ, ಮದ್ರಾಸಿನಿಂದ ನೆರವು ಬರಲಿಲ್ಲ. ಹೈದರ್ ಅದನ್ನು ಮರೆಯಲಿಲ್ಲ. 1780ರಲ್ಲಿ ಮತ್ತೆ ಯುದ್ಧ, ಪೊಲ್ಲಿಲೂರಿನಲ್ಲಿ ಕಂಪನಿಗೆ ಭಾರೀ ಸೋಲು.

ಅದಕ್ಕೂ ಮೊದಲೇ ಡುಪ್ರೆ ಮದ್ರಾಸ್ ಬಿಟ್ಟು ಇಂಗ್ಲೆಂಡಿಗೆ ಹೋಗಿದ್ದ. ಹೈದರನಿಂದ ಬಂದ ದುಡ್ಡಲ್ಲಿ ಓಲ್ಡ್ ಸೇರಮ್ ಕೊಂಡರು ಅಂತ ನಾನು ಹೇಳುತ್ತಿಲ್ಲ. ಕೊಂಡದ್ದು ಡುಪ್ರೆಯೂ ಅಲ್ಲ, ಅವನ ಭಾವಮೈದುನನ ಮನೆಯವರು. ಆದರೆ ಹೆಸರು ಬಿಟ್ಟು ಹೋಗಲಿಲ್ಲ. ಎರಡನೇ ಅರ್ಲ್‌ನ ಹೆಸರೇ ಡುಪ್ರೆ ಅಲೆಕ್ಸಾಂಡರ್. ಆತ ಆಮೇಲೆ ದಕ್ಷಿಣ ಆಫ್ರಿಕಾದ ಕೇಪ್ ವಸಾಹತಿನ ಗವರ್ನರ್ ಆದ, ಅಲ್ಲಿಯ ಕ್ಯಾಲೆಡನ್ ನದಿಗೆ ಹೆಸರು ಬಂದದ್ದು ಅವನಿಂದ. ಈ ಮನೆತನ ಓಲ್ಡ್ ಸೇರಮ್‌ನಲ್ಲಿ ಕೂರಿಸಿದವರಲ್ಲಿ ನಿಕೊಲಸ್ ವ್ಯಾನ್ಸಿಟಾರ್ಟ್ ಒಬ್ಬ, ಬಂಗಾಳದ ಗವರ್ನರ್ ಆಗಿದ್ದ ಹೆನ್ರಿ ವ್ಯಾನ್ಸಿಟಾರ್ಟ್‌ನ ಮಗ, ಮುಂದೆ ಬ್ರಿಟನ್ನಿನ ಹಣಕಾಸು ಮಂತ್ರಿ. 1831ರಲ್ಲಿ ಎಲ್ಮ್ ಮರದ ಕೆಳಗೆ ಆರಿಸಿ ಬಂದ ಕೊನೆಯ ಇಬ್ಬರು ಅರ್ಲ್‌ನ ದಾಯಾದಿಗಳು, ಅಣ್ಣತಮ್ಮಂದಿರು. ಒಬ್ಬ ಜೇಮ್ಸ್ ಅಲೆಕ್ಸಾಂಡರ್. ಇನ್ನೊಬ್ಬ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕ, ಹೆಸರು ಜೋಸಿಯಸ್ ಡುಪ್ರೆ ಅಲೆಕ್ಸಾಂಡರ್.

ಮ್ಯಾಂಚೆಸ್ಟರ್ ಕಡೆಯಿಂದ

ಇಷ್ಟು ಹೊತ್ತು ಮಾಲೀಕರ ಕಡೆಯಿಂದಲೇ ನೋಡಿದೆವು. ಹೊರಗಿನವರಿಗೆ ಇದು ಹೇಗೆ ಕಾಣುತ್ತಿತ್ತು? ಮ್ಯಾಂಚೆಸ್ಟರ್‌ನಲ್ಲಿ ಹತ್ತಿ ಗಿರಣಿಗಳು ಬಂದು ಜನ ಒಂದೂವರೆ ಲಕ್ಷದ ಹತ್ತಿರ ಹೋಗಿದ್ದರೂ ಆ ಊರಿನ ಹೆಸರಲ್ಲಿ ಒಬ್ಬ ಎಂಪಿಯೂ ಇರಲಿಲ್ಲ. 1790ರ ದಶಕದಲ್ಲೇ ಥಾಮಸ್ ಪೇನ್ ಅನ್ನುವ ಬರಹಗಾರ ಓಲ್ಡ್ ಸೇರಮ್ ಮತ್ತು ಮ್ಯಾಂಚೆಸ್ಟರನ್ನು ಪಕ್ಕಪಕ್ಕ ನಿಲ್ಲಿಸಿ ತೋರಿಸಿದ್ದ. 1819ರ ಆಗಸ್ಟ್ 16ರಂದು ಅದೇ ಮ್ಯಾಂಚೆಸ್ಟರ್‌ನ ಸೇಂಟ್ ಪೀಟರ್ಸ್ ಮೈದಾನದಲ್ಲಿ ನಮಗೂ ಪ್ರಾತಿನಿಧ್ಯ ಕೊಡಿ ಅಂತ ಸೇರಿದ್ದ ಸುಮಾರು 60,000 ಜನರ ಮೇಲೆ ಕುದುರೆ ಸವಾರರು ಕತ್ತಿ ಹಿರಿದು ನುಗ್ಗಿದರು. ಕನಿಷ್ಠ 15 ಜನ ಸತ್ತರು. ಹನ್ನೊಂದು ಜನರ ಹೊಲಕ್ಕೆ ಎರಡು ಸೀಟು, ಅರವತ್ತು ಸಾವಿರ ಜನರಿಗೆ ಕತ್ತಿ.

1830ರ ನವೆಂಬರಿನಲ್ಲಿ ಪ್ರಧಾನಿ ವೆಲಿಂಗ್ಟನ್, ಅಂದರೆ ಶ್ರೀರಂಗಪಟ್ಟಣ ಬಿದ್ದ ಮೇಲೆ ಅದರ ಉಸ್ತುವಾರಿ ನೋಡಿಕೊಂಡಿದ್ದ ಆರ್ಥರ್ ವೆಲ್ಲೆಸ್ಲಿ, ಈಗಿರುವ ವ್ಯವಸ್ಥೆಗಿಂತ ಒಳ್ಳೆಯದು ಇರಲು ಸಾಧ್ಯವೇ ಇಲ್ಲ ಅನ್ನುವ ಧಾಟಿಯಲ್ಲಿ ಮಾತಾಡಿದ. ಎರಡು ವಾರದೊಳಗೆ ಸರ್ಕಾರ ಬಿತ್ತು. 1831ರ ಮಾರ್ಚ್ 1ರಂದು ಹೊಸ ಸರ್ಕಾರದ ಪರವಾಗಿ ಲಾರ್ಡ್ ಜಾನ್ ರಸೆಲ್ ಸುಧಾರಣಾ ಮಸೂದೆ ಮಂಡಿಸಿದ. ನಮ್ಮ ಪಾರ್ಲಿಮೆಂಟ್ ನೋಡಲು ಬಂದ ಪರದೇಶಿಯನ್ನು ಒಂದು ಹಸಿರು ದಿಬ್ಬಕ್ಕೆ ಕರೆದುಕೊಂಡು ಹೋಗಿ, ಇದು ಇಬ್ಬರನ್ನು ಕಳಿಸುತ್ತದೆ ಅಂದರೆ ಅವನು ಏನೆಂದುಕೊಂಡಾನು ಅಂತ ಕೇಳಿದ. ಎರಡನೇ ವಾಚನದಲ್ಲಿ 302ಕ್ಕೆ 301, ಒಂದೇ ಓಟಿನಲ್ಲಿ ಪಾಸು. ಆಮೇಲೆ ಸಮಿತಿ ಹಂತದಲ್ಲಿ ಸೋಲು, ಸಭೆ ವಿಸರ್ಜನೆ, ಹೊಸ ಚುನಾವಣೆ. ಮೇಲೆ ಹೇಳಿದ 11 ಜನ ಮತದಾರರ ಚುನಾವಣೆ ಇದೇ. ಅಕ್ಟೋಬರಿನಲ್ಲಿ ಲಾರ್ಡ್ಸ್ ಸಭೆ 41 ಮತದಿಂದ ಮಸೂದೆ ತಳ್ಳಿಹಾಕಿತು, ಬ್ರಿಸ್ಟಲ್, ನಾಟಿಂಗ್‌ಹ್ಯಾಮ್‌ನಲ್ಲಿ ಬೆಂಕಿ ಬಿತ್ತು. ಕೊನೆಗೆ 1832ರ ಜೂನ್ 7ರಂದು ದೊರೆಯ ಸಹಿ ಬಿತ್ತು. 56 ಕ್ಷೇತ್ರಗಳು ಪೂರ್ತಿ ರದ್ದು. ಆ ಪಟ್ಟಿಯ ಮೊದಲ ಹೆಸರು ಓಲ್ಡ್ ಸೇರಮ್. ಮ್ಯಾಂಚೆಸ್ಟರ್‌ಗೆ ಎರಡು ಸೀಟು ಸಿಕ್ಕವು.

ಇಲ್ಲಿ ಒಂದು ಲೆಕ್ಕ ಇನ್ನೂ ಬಾಕಿ ಇದೆ. 60,000 ಪೌಂಡು ಹಾಕಿ ಕೊಂಡವರಿಗೆ ಪರಿಹಾರ ಏನು? ಏನೂ ಇಲ್ಲ. ಒಂದು ಪೆನ್ನಿಯೂ ಇಲ್ಲ. ಇದು ಆಸ್ತಿ ದೋಚುವುದು ಅಂತ ವಿರೋಧಿಗಳು ಬಹಳ ಕೂಗಾಡಿದರು, ಅವರ ಕಡೆಗೂ ಒಂದು ಪಾಯಿಂಟ್ ಇತ್ತು. 1800ರಲ್ಲಿ ಐರ್ಲೆಂಡಿನ ಪಾರ್ಲಿಮೆಂಟನ್ನು ಮುಚ್ಚಿ ಲಂಡನ್ನಿಗೆ ಸೇರಿಸಿಕೊಂಡಾಗ ರದ್ದಾದ ಪ್ರತಿ ಕ್ಷೇತ್ರದ ಮಾಲೀಕನಿಗೆ 15,000 ಪೌಂಡು ಸರ್ಕಾರವೇ ಎಣಿಸಿ ಕೊಟ್ಟಿತ್ತು. ಐರಿಷ್ ಅರ್ಲ್ ಆಗಿದ್ದ ಕ್ಯಾಲೆಡನ್‌ಗೆ ಇದು ಗೊತ್ತಿಲ್ಲದೆ ಇರಲು ಸಾಧ್ಯವಿಲ್ಲ. 1802ರಲ್ಲಿ ಅಷ್ಟು ದೊಡ್ಡ ಬೆಲೆ ಕೊಟ್ಟಾಗ, ಅಕಸ್ಮಾತ್ ಕ್ಷೇತ್ರ ಹೋದರೂ ದುಡ್ಡು ಮುಳುಗುವುದಿಲ್ಲ ಅನ್ನುವ ಧೈರ್ಯ ಇತ್ತು ಅಂತ ನನ್ನ ಊಹೆ. ಅಷ್ಟೇ ಅಲ್ಲ, ಹೊಸದಾಗಿ ಆರಿಸಿಬಂದ ಪಾರ್ಲಿಮೆಂಟೇ 1833ರಲ್ಲಿ ಗುಲಾಮಗಿರಿ ತೆಗೆದಾಗ ಗುಲಾಮರನ್ನು ಇಟ್ಟುಕೊಂಡಿದ್ದ ಮಾಲೀಕರಿಗೆ ಎರಡು ಕೋಟಿ ಪೌಂಡು ಪರಿಹಾರ ಕೊಟ್ಟಿತು. ಮನುಷ್ಯರನ್ನು ಕೊಂಡದ್ದು ಕ್ರಮಬದ್ಧ ಆಸ್ತಿ, ಓಟು ಕೊಂಡದ್ದು ಅಲ್ಲ ಅಂತ ಅವರ ತೀರ್ಮಾನ.

ಈಗ ಗುಡ್ಡವನ್ನು ಇಂಗ್ಲಿಷ್ ಹೆರಿಟೇಜ್ ನೋಡಿಕೊಳ್ಳುತ್ತದೆ. ಒಳಗಿನ ಕೋಟೆಗೆ ಟಿಕೆಟ್ ಇದೆ, ಹಳೇ ಕೆಥೆಡ್ರಲ್ಲಿನ ಅಡಿಪಾಯದ ಗುರುತು ಹುಲ್ಲಿನ ಮೇಲೆ ಕಾಣುತ್ತದೆ, ಅಲ್ಲಿ ನಿಂತು ದಕ್ಷಿಣಕ್ಕೆ ನೋಡಿದರೆ ಸ್ಯಾಲಿಸ್ಬರಿಯ ಶಿಖರ. ಜನ ನಾಯಿ ಕರೆದುಕೊಂಡು ವಾಕಿಂಗ್ ಬರುತ್ತಾರೆ. ಕೆಳಗಿನ ಹೊಲದ ಎಲ್ಮ್ ಮರ ತನ್ನ ಕೊನೆಯ ಚುನಾವಣೆ ಮುಗಿದ ಮೇಲೂ ಎಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅಲ್ಲೇ ನಿಂತಿದ್ದು, 1905ರಲ್ಲಿ ಒಣಗಿಹೋಯಿತು.